ಹತ್ತಿದ್ದು ಮೆಟ್ಟಿಲಲ್ಲಿ, ಇಳಿದದ್ದು ಲಿಫ್ಟಿನಲ್ಲಿ

ಹತ್ತುವಾಗ ಮಾನ್‌ಯೀಯನ್ನು ಹಿಡಿಯುವವರೇ ಇರಲಿಲ್ಲ. ಮೀನುಂಡೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತೇ ಇರುವ, ನಲವತ್ತು ದಾಟಿದ, ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹೊತ್ತು ಬಿಟ್ಟರೆ ಜೀವಮಾನದಲ್ಲಿ ಓಡಿ ಗೊತ್ತಿಲ್ಲದ ಹೆಂಗಸು, ಹಾಂಗ್‌ಕಾಂಗಿನ ಲಾಂಟಾವ್ ದ್ವೀಪದ ಟಾಯ್ ತುಂಗ್ ಬೆಟ್ಟದ ಕಲ್ಲುಮೆಟ್ಟಿಲುಗಳನ್ನು ಸರಸರ ಏರಿಹೋಗುತ್ತಿದ್ದಳು. ಬಿಗಿ ಚಡ್ಡಿ, ಬಣ್ಣದ ಕನ್ನಡಕ, ಕೈಗೊಂದೊಂದು ಕೋಲು ಅಂತ ಸಕಲ ಸಿಂಗಾರ ಮಾಡಿಕೊಂಡು ಬಂದಿದ್ದ ಹುಡುಗರು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟು, ಏದುಸಿರು ಬಿಡುತ್ತಾ ನಿಂತರು. ಅವಳ ಹಿಂದೆ ಬರುತ್ತಿದ್ದ ಮಾವ ಕ್ವೊಕ್ ಯಿಮ್‌ಸಾಂಗ್ ಅವರಿಗೆ ಈ ಸಂತೋಷವನ್ನು ಒಬ್ಬರೇ ಇಟ್ಟುಕೊಳ್ಳುವುದು ಆಗಲಿಲ್ಲ.

"ನೋಡ್ಕೊಳ್ರಪ್ಪಾ, ನನ್ನ ಸೊಸೆ," ಅಂದರು ಹುಡುಗರಿಗೆ. ಅವರೇನೂ ಕೇಳಿರಲಿಲ್ಲ. "ಮೀನುಂಡೆ ಮಾರ್ತಾಳೆ. ನಾನೇ ತಯಾರು ಮಾಡಿದ್ದು."

"ಯಾವುದನ್ನ ಮಾವ, ಮೀನುಂಡೇನಾ?" ಅಂತ ಮಾನ್‌ಯೀ ಮೇಲಿನಿಂದ ಕೂಗಿದಳು.

"ನಿನ್ನನ್ನ ಕಣಮ್ಮಾ! ನಡಿ, ನಡಿ, ಮಾತಾಡಿದ್ರೆ ಉಸಿರು ಹೋಗುತ್ತೆ!"

ತುದಿಯಲ್ಲಿ ಬೆಳ್ಳಿ ಹುಲ್ಲು ಸೊಂಟದೆತ್ತರ ಬೆಳೆದು ಗಾಳಿಗೆ ಬಾಗುತ್ತಿತ್ತು. ದೂರದಲ್ಲಿ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಮಾವ ಚೀಲದಿಂದ ಬೇಯಿಸಿದ ಗೆಣಸು ತೆಗೆದು, ಮುರಿದು, ದೊಡ್ಡ ಅರ್ಧವನ್ನು ಅವಳಿಗೆ ಕೊಟ್ಟರು. ಇಬ್ಬರೂ ಜೋಡಿಯಾಗಿ ಓಡಬೇಕಿದ್ದ ಬೆಟ್ಟದ ಓಟ ಇನ್ನೇನು ಮುಂದಿನ ತಿಂಗಳು. ಇವತ್ತು ಅವಳು ಮೊದಲ ಸಲ ನಿಜವಾದ ಬೆಟ್ಟ ಹತ್ತಿದ್ದು, ಅದೂ ಹೀಗೆ. ಮಾವ ಗೆಣಸು ಅಗಿಯುತ್ತಾ ಸಮುದ್ರದ ಕಡೆ ನೋಡಿ ಸುಮ್ಮನೆ ನಗುತ್ತಿದ್ದರು. ಆ ನಗುವನ್ನು ಅವಳು ಒಂದು ವರ್ಷದಿಂದ ನೋಡಿರಲಿಲ್ಲ.

"ಕಷ್ಟದ ಕೆಲಸ ಮುಗೀತು," ಅಂದರು. "ಇನ್ನು ಇಳಿಯೋದು. ಇಳಿಯೋದು ಅಂದ್ರೆ ವಿಶ್ರಾಂತಿ. ನೀನು ಮುಂದೆ ಹೋಗು. ನಿನ್ನ ಕಾಲು ನನಗೆ ಕಾಣ್ತಿರ್ಬೇಕು."

ವಿಶ್ರಾಂತಿಯಂತೆ! ಒಂದು ತಿರುವು ದಾಟುವಷ್ಟರಲ್ಲಿ ಮಾನ್‌ಯೀಯ ತೊಡೆಗಳು ಬಿಸಿಯಾದವು. ಎರಡನೆಯ ತಿರುವಿನಲ್ಲಿ ನಡುಗತೊಡಗಿದವು. ಮೂರನೆಯದು ಬರುವಷ್ಟರಲ್ಲಿ ಕಾಲು ಅವಳ ಮಾತು ಕೇಳುವುದನ್ನೇ ಬಿಟ್ಟಿತು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಇಳಿದರೆ ಮಂಡಿ ತಾನಾಗಿ ಮಡಚಿಕೊಂಡು ಕೂರುವ ಹಾಗಾಗುತ್ತಿತ್ತು. ಮೇಲೆ ಹತ್ತುವಾಗ ದಾರಿ ಬಿಟ್ಟಿದ್ದ ಹುಡುಗರು ಈಗ ಪಕ್ಕದಲ್ಲೇ ಕುಣಿಯುತ್ತಾ ಇಳಿದುಹೋದರು. ಒಬ್ಬ, "ಬರ್ತೀವಿ ಅಕ್ಕಾ, ಅಂಗಡಿಗೆ ಬರ್ತೀವಿ," ಅಂತ ಕೈ ಬೀಸಿದ. ಅವನ ಕೋಲು ಕಿತ್ತುಕೊಂಡು ಎರಡು ಬಾರಿಸೋಣ ಅನ್ನಿಸಿತು ಅವಳಿಗೆ. ಅವನ ಹಿಂದೆ ಓಡುವುದಕ್ಕೆ ಕಾಲಿರಲಿಲ್ಲ.

ಅವಳು ಕುಕ್ಕರಿಸಿದ ಕಲ್ಲಿನ ಹತ್ತಿರ ಮಾವ ಬಂದು ನಿಂತರು.

"ನಾನು ಹೇಳಿದ ಹಾಗೆ ಮನೆ ಮೆಟ್ಟಿಲು ಹತ್ತಿದೆಯೋ ಇಲ್ವೋ? ನಿಜ ಹೇಳು."

"ದಿನಾ ಹತ್ತಿದೀನಿ ಮಾವ! ಕೆಳಗಿಂದ ತಾರಸಿವರೆಗೆ. ನೀವು ಹೇಳಿದಷ್ಟು ಸಲ. ಬೇಕಾದ್ರೆ ವಾಚ್‌ಮನ್‌ನ ಕೇಳಿ."

"ಮತ್ತೆ ಇಳೀವಾಗ?"

"ಇಳೀವಾಗ ಏನು?"

"ಇಳೀವಾಗ ಹೇಗೆ ಇಳಿದೆ ಅಂತ."

"ಲಿಫ್ಟಲ್ಲಿ."

ಮಾವ ಅವಳತ್ತ ಬಗ್ಗಿ ಕಿವಿಗೆ ಕೈ ಇಟ್ಟರು. "ಲಿಫ್ಟಲ್ಲಿ?"

"ಮತ್ತಿನ್ನೇನು? ನಲವತ್ತು ಅಂತಸ್ತು ಮಾವ! ಲಿಫ್ಟ್ ಇರೋವಾಗ ಯಾರಾದ್ರೂ ನಡ್ಕೊಂಡು ಇಳೀತಾರಾ?"

ಅವಳನ್ನು ಅಂದು ಪ್ರಯೋಜನವಿಲ್ಲ. ಹಾಂಗ್‌ಕಾಂಗಿನಲ್ಲಿ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಲಿಫ್ಟಿನ ಗುಂಡಿ ಒತ್ತುವುದನ್ನು ಕಲಿಯುತ್ತವೆ. ಮಾನ್‌ಯೀ ಹುಟ್ಟಿದ್ದು ಹದಿನೇಳನೆಯ ಅಂತಸ್ತಿನಲ್ಲಿ, ಬೆಳೆದದ್ದು ಅಲ್ಲೇ, ಮದುವೆಯಾಗಿ ಬಂದದ್ದು ತ್ಸಿಂಗ್ ಯೀಯ ಮೂವತ್ತೊಂದನೆಯದಕ್ಕೆ. ಮೆಟ್ಟಿಲು ಅಂದರೆ ಬೆಂಕಿ ಬಿದ್ದಾಗ ಓಡುವ ಜಾಗ ಅಂತ ತಿಳಿದಿದ್ದವಳು, ಮಾವ ಹೇಳಿದರು ಅನ್ನುವ ಒಂದೇ ಕಾರಣಕ್ಕೆ ಅದನ್ನು ಹತ್ತಿದ್ದಳು. ಮಾವನೋ ದೋಣಿಯ ಮೇಲೆ ಹುಟ್ಟಿದವರು, ಕೂದಲು ಹಣ್ಣಾಗುವವರೆಗೂ ಮೂಯ್ ವೋ ಊರಿಗೆ ಜನ ಸಾಗಿಸುವ ದೋಣಿಯಲ್ಲಿ ಹಗ್ಗ ಎಸೆದು ಕಟ್ಟಿದವರು. ಹತ್ತಿದವರು ಇಳಿದೇ ಇಳಿಯುತ್ತಾರೆ, ಅದನ್ನೂ ಬಾಯಿಬಿಟ್ಟು ಹೇಳಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ.

"ಬೆಟ್ಟದಲ್ಲಿ ಲಿಫ್ಟ್ ಎಲ್ಲಿದೆ ಮಗಳೇ?" ಅಂದರು, ತೀರಾ ಮೆತ್ತಗೆ.

"ಅದನ್ನ ಈಗ ಹೇಳ್ತಿದೀರಾ!"

ಮಾವ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಮಾನ್‌ಯೀಯೂ ನಕ್ಕಳು, ನಗುತ್ತಾ ನಗುತ್ತಾ ಅವಳಿಗೆ ಅಳುವೂ ಬಂತು. ತೊಡೆ ಉರಿಯುತ್ತಿತ್ತು ಅನ್ನುವುದು ಒಂದು. ಇನ್ನೊಂದು, ಅವಳ ಗಂಡ ಚಿಹೋಂಗ್ ಹಾಕಿದ್ದ ಷರತ್ತು ನೆನಪಾಯಿತು.

ಆ ಷರತ್ತಿನ ಕಥೆ ಇಷ್ಟು. ಲಾಂಟಾವ್ ದ್ವೀಪದ ಬೆಟ್ಟಗಳನ್ನೆಲ್ಲ ಸುತ್ತಿಬರುವ ಎಪ್ಪತ್ತು ಕಿಲೋಮೀಟರ್ ಓಟವನ್ನು ಮಾವ ಬಹಳ ವರ್ಷಗಳಿಂದ ಓಡುತ್ತಿದ್ದರು. ಹೋದ ವರ್ಷ ಅತ್ತೆ ತೀರಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಮಾವ ಯಾರಿಗೂ ಹೇಳದೆ ಒಬ್ಬರೇ ಬೆಟ್ಟ ಹತ್ತಿ, ಇಳಿಯುವಾಗ ಜಾರಿ, ಪೊದೆಯಲ್ಲಿ ಬಿದ್ದುಕೊಂಡಿದ್ದರು. ಅವರ ದನಿ ಯಾರ ಕಿವಿಗಾದರೂ ಬೀಳುವ ಹೊತ್ತಿಗೆ ಸಂಜೆಯಾಗಿತ್ತು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗಬೇಕಾಯಿತು. ಮುರಿದದ್ದು ಒಂದು ಮಣಿಕಟ್ಟು ಮಾತ್ರ. ಆದರೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಚಿಹೋಂಗ್ ಗೋಡೆಗೆ ಹಣೆ ಒತ್ತಿಕೊಂಡು ನಿಂತದ್ದನ್ನು ಮಾನ್‌ಯೀ ನೋಡಿದ್ದಳು. ತಾಯಿ ಹೋಗಿ ಎರಡು ತಿಂಗಳಾಗಿರಲಿಲ್ಲ. ಮನೆಗೆ ಬಂದವನೇ ಅಪ್ಪನ ಬೂಟು ತೆಗೆದು ಬೀರುವಿನ ಮೇಲೆ ಎಸೆದ. "ಇನ್ನು ಬೆಟ್ಟದ ಸುದ್ದಿ ಎತ್ತಿದ್ರೆ ನೋಡು," ಅಂದ.

ಮಾವ ಎತ್ತಲಿಲ್ಲ. ಬೆಟ್ಟದ ಸುದ್ದಿಯೇನು, ಯಾವ ಸುದ್ದಿಯನ್ನೂ ಎತ್ತಲಿಲ್ಲ. ಸದ್ದು ಆರಿಸಿದ ಟಿವಿಯಲ್ಲಿ ಕುದುರೆ ರೇಸು ನೋಡುತ್ತಾ ಕೂತುಬಿಟ್ಟರು. ಮಾತಾಡಿಸಿದರೆ ಹೂಂ, ಬಡಿಸಿದರೆ ಸಾಕು. ಮಾನ್‌ಯೀಗೆ ಇದನ್ನು ಸಹಿಸಲು ಆಗಲಿಲ್ಲ. ಅವಳು ಅಂಗಡಿ ತೆರೆದ ಹೊಸದರಲ್ಲಿ, ಕೈ ಸೋತು ಮೀನಿನ ಹಿಟ್ಟು ಹದಕ್ಕೇ ಬರುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಮಾವ ಮನೆಗೆ ಹೋಗದೆ ನೇರ ಅಂಗಡಿಗೆ ಬಂದು, ತೋಳು ಮಡಚಿ, ಹಿಟ್ಟನ್ನು ಎತ್ತೆತ್ತಿ ಬೋಗುಣಿಗೆ ಬಡಿದು ಕೊಟ್ಟು ಹೋಗುತ್ತಿದ್ದರು. ಒಂದು ವರ್ಷ ಪೂರ್ತಿ ಹಾಗೆ ಮಾಡಿದರು. ಒಂದು ದಿನವೂ ಅದರ ಮಾತೆತ್ತಲಿಲ್ಲ. ಅವಳ ಸ್ವಂತ ಅಪ್ಪ ಆ ಅಂಗಡಿಯ ಬಾಗಿಲು ಸಹ ನೋಡಿದವನಲ್ಲ. ಈ ಮನುಷ್ಯನ ಮೇಲೆ ಅವಳಿಗೆ ಜೀವ.

ಅದಕ್ಕೇ ಒಂದು ದಿನ ಊಟಕ್ಕೆ ಕೂತಾಗ ಅಂದುಬಿಟ್ಟಳು: "ಆ ಓಟದಲ್ಲಿ ಜೋಡಿ ಜೋಡಿಯಾಗಿ ಓಡೋದೂ ಇದೆಯಂತಲ್ಲ. ಮಾವನ ಜೊತೆ ನಾನು ಹೋಗ್ತೀನಿ."

ಚಿಹೋಂಗ್ ಅನ್ನ ನೆತ್ತಿಗೇರಿ ಕೆಮ್ಮಿದ. "ನೀನು? ಬಸ್ ನಿಲ್ದಾಣಕ್ಕೆ ನಡೆಯೋಕೆ ಅಳ್ತೀಯಲ್ಲೇ."

"ಅದು ಬಿಸಿಲಿಗೆ."

ಒಂದು ವಾರ ಜಗಳ ನಡೆಯಿತು. ಕಡೆಗೆ ಚಿಹೋಂಗ್ ಸೋತು ಷರತ್ತು ಹಾಕಿದ. ಓಟಕ್ಕೆ ಮುಂಚೆ ಇಬ್ಬರೂ ಫುಂಗ್ ವೋಂಗ್ ಬೆಟ್ಟವನ್ನು ಹತ್ತಿ ನೊಂಗ್ ಪಿಂಗ್ ಕಡೆಗೆ ಇಳಿಯಬೇಕು. ಆ ದ್ವೀಪದಲ್ಲಿ ಅದಕ್ಕಿಂತ ಕಡಿದಾದ ಇಳುಕಲಿಲ್ಲ. ತಾನು ಕೆಳಗೆ ನಿಂತು ನೋಡುತ್ತೇನೆ. ಇಬ್ಬರಲ್ಲಿ ಯಾರೇ ಕುಂಟಿಕೊಂಡು ಬಂದರೂ ಓಟ ರದ್ದು, ಮತ್ತೆ ಅದರ ಮಾತಾಡಕೂಡದು. ಮಾವ ತಟ್ಟೆಯಿಂದ ತಲೆಯೆತ್ತದೆ, "ಆಗ್ಲಿ," ಅಂದಿದ್ದರು. ಆ ರಾತ್ರಿಯೇ ಬೀರುವಿನ ಮೇಲಿನಿಂದ ಬೂಟು ಕೆಳಗೆ ಬಂತು.

ಈಗ ಇಲ್ಲಿ ನೋಡಿದರೆ ಟಾಯ್ ತುಂಗ್ ಬೆಟ್ಟದ ನಡುವೆ ಮಾನ್‌ಯೀ ಎದ್ದು ನಿಲ್ಲಲಾರದೆ ಕೂತಿದ್ದಾಳೆ. ತನ್ನ ಎರಡು ತೊಡೆಗಳಿಂದ ಈ ಮುದುಕನ ಓಟ ತಪ್ಪಿಹೋದರೆ? ಆ ಸದ್ದಿಲ್ಲದ ಟಿವಿಯ ಮುಂದೆ ಮತ್ತೆ ಹೋಗಿ ಕೂತರೆ?

"ಏಳು," ಅಂದರು ಮಾವ. "ನಾಳೆಯಿಂದ ಇಳಿಯೋ ಪಾಠ."

ಮುಂದಿನ ದಿನಗಳನ್ನು ಅವಳು ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನ ಲಿಫ್ಟಿನಲ್ಲಿ ಮೇಲೆ ಹೋಗುವುದು, ಮೆಟ್ಟಿಲಲ್ಲಿ ಇಳಿಯುವುದು. ಮತ್ತೆ ಲಿಫ್ಟು, ಮತ್ತೆ ಮೆಟ್ಟಿಲು. ಮಾವ ಕೆಳಗೆ ವಾಚ್‌ಮನ್‌ನ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾ ಎಣಿಸುತ್ತಿದ್ದರು. "ಮಾವ, ನೀವೂ ಒಂದು ಸಲ ಬನ್ನಿ," ಅಂದರೆ, "ನನಗೆ ಇಳಿಯೋದು ನೀನು ಕಲಿಸ್ಬೇಕಾ? ಈ ದ್ವೀಪದಲ್ಲಿ ಇಳಿಯೋದ್ರಲ್ಲಿ ನನ್ನ ಹಿಡಿದ ಗಂಡಸು ಹುಟ್ಟಿಲ್ಲ," ಅನ್ನುತ್ತಿದ್ದರು. ಅದು ನಿಜವೂ ಹೌದು. ಹಳೇ ಓಟಗಾರರು ಈಗಲೂ ಅವರನ್ನು 'ಇಳಿಜಾರು ಸಾಂಗಣ್ಣ' ಅಂತಲೇ ಕರೆಯುವುದು.

ಅಂಗಡಿಯಲ್ಲಿ ಅವಳ ಪಾಡು ನೋಡಿ ಗಿರಾಕಿಗಳು ನಕ್ಕರು. ಬಗ್ಗಿ ಬೋಗುಣಿ ಎತ್ತುವ ಹಾಗಿಲ್ಲ, ಕೂತರೆ ಏಳುವ ಹಾಗಿಲ್ಲ. ಪಕ್ಕದ ತರಕಾರಿ ಅಂಗಡಿಯ ಮುದುಕಿ, "ಏನೇ ಇದು, ಹೊಸ ಮದುವಣಗಿತ್ತಿ ಹಾಗೆ ನಡೀತಿದೀಯ?" ಅಂತ ಸಂತೆಗೆಲ್ಲ ಕೇಳುವ ಹಾಗೆ ಕೂಗಿದಳು. ಮಾನ್‌ಯೀ ಅವಳ ಮೇಲೆ ಒಂದು ಹಿಡಿ ಮಂಜುಗಡ್ಡೆ ಎರಚಿದಳು. ಗಂಡನ ಮುಂದೆ ಮಾತ್ರ ನೆಟ್ಟಗೆ ನಡೆದಳು. ಅದಕ್ಕಿಂತ ಬೆಟ್ಟ ಇಳಿಯುವುದು ಸುಲಭವಿತ್ತು.

ಹಾಗೂ ಹೀಗೂ ಆ ದಿನ ಬಂತು.

ಬೆಟ್ಟದ ಬುಡದಲ್ಲಿ ಬಸ್ಸಿಳಿದಾಗ ಚಳಿಗಾಳಿ ಬೀಸುತ್ತಿತ್ತು. ಚಿಹೋಂಗ್ ಅದೇ ಬಸ್ಸಿನಲ್ಲಿ ಮುಂದೆ ನೊಂಗ್ ಪಿಂಗ್‌ಗೆ ಹೋದ, ಕಿಟಕಿಯಿಂದ ಕತ್ತು ಹೊರಹಾಕಿ, "ಅಪ್ಪ, ನಿಧಾನ!" ಅಂತ ಕೂಗಿದ. ಹತ್ತುವ ಕೆಲಸದಲ್ಲಿ ಏನೂ ಹೇಳುವಂಥದ್ದಿಲ್ಲ, ಮಾನ್‌ಯೀ ಎಂದಿನಂತೆ ಹತ್ತಿದಳು, ಮಾವ ಎಂದಿನಂತೆ ಸಿಕ್ಕಸಿಕ್ಕವರಿಗೆಲ್ಲ ನನ್ನ ಸೊಸೆ ನನ್ನ ಸೊಸೆ ಅಂದರು. ಮೋಡದೊಳಗಿದ್ದ ತುದಿಯಲ್ಲಿ ನಿಲ್ಲಲಾಗದೆ ಆ ಕಡೆಗೆ ಇಳಿಯತೊಡಗಿದರು.

ಆ ಇಳುಕಲನ್ನು ಮೆಟ್ಟಿಲು ಅನ್ನುವುದು ಮೆಟ್ಟಿಲಿಗೆ ಮಾಡುವ ಅವಮಾನ. ಮಂಡಿಯೆತ್ತರದ ಕಲ್ಲುಗಳು, ಒಂದರ ಕೆಳಗೊಂದು, ಮಂಜಿಗೆ ಒದ್ದೆಯಾಗಿ ಹೊಳೆಯುತ್ತಿದ್ದವು. ಮಾನ್‌ಯೀ ಮುಂದೆ, ಮಾವ ಹಿಂದೆ. "ನಿನ್ನ ಕಾಲು ಕಾಣ್ತಿರ್ಬೇಕು," ಅನ್ನುವ ಹಳೇ ರಾಗ. ಅರ್ಧದವರೆಗೂ ತೊಡೆ ತಡೆದುಕೊಂಡಿತು. ಕೆಳಗೆ ನೊಂಗ್ ಪಿಂಗ್‌ನ ಬಯಲು, ಬಯಲಿನಲ್ಲಿ ದನಗಳು, ದಾರಿಯ ಕೊನೆಯಲ್ಲಿ ಕೆಂಪು ಜಾಕೆಟಿನ ಒಂದು ಚುಕ್ಕೆ ಕಂಡವು. ಅದು ಚಿಹೋಂಗ್. ಅವನನ್ನು ಕಂಡದ್ದೇ ತಡ, ಕಾಲಿಗೆ ಏನಾಯಿತೋ, ಎರಡೂ ಒಟ್ಟಿಗೆ ಗಡಗಡ ನಡುಗತೊಡಗಿದವು. ಒಂದು ಕಲ್ಲು ಇಳಿದಳು, ಎರಡು ಇಳಿದಳು, ಮೂರನೆಯದಕ್ಕೆ ಕೂತೇಬಿಟ್ಟಳು.

"ಕೂತ್ಕೋಬೇಡ್ವೇ, ಕೂತ್ರೆ ಏಳಕ್ಕಾಗಲ್ಲ!" ಅಂದರು ಮಾವ ಮೇಲಿನಿಂದ.

"ನಿಂತ್ಕೊಳಕ್ಕೂ ಆಗ್ತಿಲ್ಲ ಮಾವ!"

ಅಷ್ಟರಲ್ಲಿ ಕೆಳಗಿನಿಂದ ರೇಡಿಯೋ ಹಾಡುತ್ತಾ ಬಂತು. ಸೊಂಟಕ್ಕೆ ರೇಡಿಯೋ ನೇತುಹಾಕಿಕೊಂಡ ಒಬ್ಬ ಮುದುಕಿ, ಛತ್ರಿ ಊರಿಕೊಂಡು, ದಿನಾ ಮನೆಯ ಹಿತ್ತಲಿಗೆ ಬರುವವಳ ಹಾಗೆ ಆರಾಮವಾಗಿ ಹತ್ತುತ್ತಿದ್ದಳು. ಮಾನ್‌ಯೀಯ ಕಾಲು ನೋಡಿ ನಿಂತಳು.

"ಏಯ್ ಹುಡುಗೀ, ತಿರುಗೇ."

"ಏನಜ್ಜಿ?"

"ಹಿಂದುಮುಂದಾಗಿ ತಿರುಗು ಅಂದೆ. ಬೆನ್ನು ಕೆಳಗೆ ಮಾಡ್ಕೊಂಡು ಇಳಿ. ನಮ್ಮ ಪಾರ್ಕಲ್ಲಿ ನಾವೆಲ್ಲ ದಿನಾ ಹಿಂದುಹಿಂದಕ್ಕೇ ಅಲ್ವಾ ನಡೆಯೋದು? ನನ್ನ ಮಂಡಿ ಹೋಗಿ ಹತ್ತು ವರ್ಷ ಆಯ್ತು, ಈ ಬೆಟ್ಟ ಹೀಗೇ ಇಳಿಯೋದು ನಾನು." ಇಷ್ಟು ಹೇಳಿ, ಉತ್ತರಕ್ಕೂ ಕಾಯದೆ, ರೇಡಿಯೋ ಹಾಡಿಸಿಕೊಂಡು ಮೇಲೆ ಹೊರಟುಹೋದಳು.

ಬೆಳಗಿನ ಪಾರ್ಕುಗಳಲ್ಲಿ ಚಪ್ಪಾಳೆ ತಟ್ಟುತ್ತಾ ಹಿಂದಕ್ಕೆ ನಡೆಯುವ ಮುದುಕ ಮುದುಕಿಯರನ್ನು ಮಾನ್‌ಯೀ ಹುಟ್ಟಿದಾರಭ್ಯ ನೋಡಿದ್ದಳು. ನೋಡಿ ನಕ್ಕೂ ಇದ್ದಳು. ಈಗ ನಗುವ ಸ್ಥಿತಿಯಿರಲಿಲ್ಲ. ಎದ್ದಳು, ತಿರುಗಿದಳು, ಕಲ್ಲನ್ನು ಕೈಯಲ್ಲಿ ಹಿಡಿದು ಒಂದು ಕಾಲನ್ನು ಹಿಂದಕ್ಕೆ, ಕೆಳಕ್ಕೆ ಬಿಟ್ಟಳು. ಸಿಕ್ಕಿತು. ಇನ್ನೊಂದು ಬಿಟ್ಟಳು. ತೊಡೆ ಉರಿಯಲಿಲ್ಲ! ಅಯ್ಯೋ ದೇವರೇ, ಇಷ್ಟು ದಿನ ಸತ್ತು ಸುಣ್ಣವಾದದ್ದು ಯಾತಕ್ಕೆ ಅನ್ನಿಸಿತು.

"ಮಾವ, ಆಗುತ್ತೆ! ನೋಡಿ ಇಲ್ಲಿ!"

"ಅಯ್ಯಯ್ಯೋ, ಮಾನ ಹೋಯ್ತು!" ಮಾವ ಗದರಿದರು. "ಏಡಿ ಹಾಗೆ ಇಳೀತಿದೀಯಲ್ಲೇ. ನನ್ನ ಗುರುತಿನವರು ಯಾರಾದ್ರೂ ನೋಡಿದ್ರೆ? ಮೊದಲು ಮುಂದಕ್ಕೆ ತಿರುಗು!"

ಅವಳು ತಿರುಗಲಿಲ್ಲ. ತಿರುಗದೆ ಇದ್ದದ್ದಕ್ಕೇ, ಈ ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ, ಮಾವ ಇಳಿಯುವುದನ್ನು ಅವಳು ಎದುರಿನಿಂದ ನೋಡಿದಳು. ಬಾಯಿ ಗದರುತ್ತಿತ್ತು, ಮುಖ ಬೇರೆ ಏನೋ ಹೇಳುತ್ತಿತ್ತು. ಒಂದು ಕೈ ಬಂಡೆಯನ್ನು ತಡವರಿಸುತ್ತಿತ್ತು. ಹಿಂದೆ ಮುರಿದಿದ್ದ ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. ಕಾಲು ಮುಂದಕ್ಕೆ ಚಾಚುವುದು, ಹಿಂದಕ್ಕೆ ಎಳೆದುಕೊಳ್ಳುವುದು, ಮತ್ತೆ ಚಾಚುವುದು. ಈ ಚಳಿಯಲ್ಲೂ ಹಣೆ ಬೆವೆತಿತ್ತು. ಇಳಿಜಾರು ಸಾಂಗಣ್ಣ!

"ಮಾವ," ಅಂದಳು. "ನಿಮಗೆ ಭಯ ಆಗ್ತಿದೆ."

"ಯಾರಿಗೆ? ನನಗಾ? ಹೋಗೇ."

"ಕಾಲು ನಡುಗ್ತಿದೆ."

"ಗಾಳಿ."

"ಗಾಳಿಗೆ ಪ್ಯಾಂಟು ಅಲ್ಲಾಡುತ್ತೆ ಮಾವ, ಕಾಲಲ್ಲ."

ಮಾವ ಮೆಲ್ಲಗೆ ಆ ಕಲ್ಲಿನ ಮೇಲೆಯೇ ಕೂತರು. ಕೂತ ಮೇಲೆ ಬಹಳ ಸಣ್ಣವರಾಗಿ ಕಂಡರು.

"ಬಿದ್ದ ದಿನದಿಂದ ಹೀಗೇ," ಅಂದರು. "ಹತ್ತೋವಾಗ ಏನೂ ಇಲ್ಲ ಕಣಮ್ಮಾ. ಕೆಳಗೆ ನೋಡಿದ್ರೆ ಆ ಪೊದೆ ಕಣ್ಣಿಗೆ ಬರುತ್ತೆ. ಕೂಗಿ ಕೂಗಿ ಗಂಟಲು ಹರಿದುಹೋಗಿತ್ತು. ಯಾರೂ ಬರಲಿಲ್ಲ."

ಅದಕ್ಕೇ ತನ್ನನ್ನು ಮುಂದೆ ಬಿಟ್ಟದ್ದು. ಅದಕ್ಕೇ ವಾಚ್‌ಮನ್‌ನ ಕುರ್ಚಿ, ಪೇಪರ್ ಎಲ್ಲ. ಮಾನ್‌ಯೀಗೆ ಅಯ್ಯೋ ಅನ್ನಿಸಿತು. ಮರುಕ್ಷಣವೇ ಕೋಪವೂ ಬಂತು.

"ಮೊದಲೇ ಹೇಳಬಾರ್ದಿತ್ತಾ? ಇಷ್ಟು ದಿನ ನನ್ನ ತೊಡೆಗೆ ಬೈದ್ರಲ್ಲ!"

"ನಿನ್ನ ತೊಡೆ ನಡುಗೋದು ನೋಡಿದ್ರೆ ನನಗೆ ಸ್ವಲ್ಪ ಸಮಾಧಾನ ಆಗ್ತಿತ್ತು."

"ಚೆನ್ನಾಗಿದೆ!"

"ಹೋಂಗ್‌ಗೆ ಹೇಳ್ಬೇಡ ಮಗಳೇ."

"ಹೇಳೋದೇನು, ಅಲ್ಲೇ ನಿಂತು ನೋಡ್ತಿದಾನೆ." ಅವಳು ಎರಡು ಕಲ್ಲು ಮೇಲೆ ಹತ್ತಿ, ಅವರ ಎದುರು ನಿಂತು, ಎರಡೂ ಕೈ ಚಾಚಿದಳು. "ಕೈ ಕೊಡಿ."

ಮಾವ ಆ ಕೈಗಳನ್ನು ನೋಡಿದರು. ಇಪ್ಪತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ. ಮಾವನೂ ಸೊಸೆಯೂ ಒಬ್ಬರ ಕೈ ಒಬ್ಬರು ಹಿಡಿದದ್ದಿಲ್ಲ. ಆ ಮನೆಯಲ್ಲಿ ಪ್ರೀತಿ ಅಂದರೆ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕುವುದು, ಅಷ್ಟೇ.

"ಸೊಸೆ ಕೈ ಹಿಡ್ಕೊಂಡು ಇಳಿಯೋ ಗತಿ ಬಂತಲ್ಲ," ಅಂದರು.

"ನೀವೆಲ್ಲಿ ಹಿಡೀತಿದೀರಿ? ಹಿಡೀತಿರೋದು ನಾನು. ನನಗೆ ಬೆನ್ನಲ್ಲಿ ಕಣ್ಣಿದೆಯಾ? ಕಾಲು ಎಲ್ಲಿಡ್ಬೇಕು ಅಂತ ನೀವು ಹೇಳ್ಬೇಕು. ಹೇಳ್ತೀರೋ, ಇಲ್ಲಾ ಬಿದ್ದು ಸಾಯ್ಲೋ?"

ಅದು ಕೆಲಸದ ಮಾತು. ಕೆಲಸ ಅಂದರೆ ಮಾವನಿಗೆ ಅರ್ಥವಾಗುತ್ತದೆ. ಕೈ ಕೊಟ್ಟರು. ಆ ಕೈ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಮಾನ್‌ಯೀ ಬೆನ್ನು ಕೆಳಗೆ ಮಾಡಿ, ಮಾವ ಅವಳಿಗೆ ಮುಖ ಮಾಡಿ, ಇಬ್ಬರೂ ಇಳಿಯತೊಡಗಿದರು. ಮಾವನಿಗೆ ಈಗ ಆಳ ಕಾಣುತ್ತಿರಲಿಲ್ಲ, ಎದುರಿಗೆ ಸೊಸೆಯ ಕೆಂಪೇರಿದ ಮುಖ, ಅವಳ ಹೆಗಲಾಚೆ ಒಂದೇ ಒಂದು ಕಲ್ಲು, ಅಷ್ಟೇ.

"ಹಿಂದೆ... ಇನ್ನೂ ಹಿಂದೆ... ಎಡಕ್ಕೆ ಸ್ವಲ್ಪ... ಹಾಂ, ನಿಲ್ಲು. ಬಲಗಾಲು. ಆ ಕಲ್ಲು ಅಲ್ಲಾಡುತ್ತೆ, ಬೇಡ. ಪಕ್ಕದ್ದು. ಹಿಂದೆ, ಹಿಂದೆ, ಹಿಂದೆ..." ದನಿ ಕ್ರಮೇಣ ಗಟ್ಟಿಯಾಯಿತು. ದೋಣಿಯನ್ನು ಕಟ್ಟೆಗೆ ತರುವಾಗ ಹೀಗೇ ಅಲ್ಲವೇ ಅವರು ಕೂಗುತ್ತಿದ್ದದ್ದು. ಕೆಳಗಿನಿಂದ ಹತ್ತಿಬರುತ್ತಿದ್ದ ಜನ ಪಕ್ಕಕ್ಕೆ ನಿಂತು, ಫೋನು ತೆಗೆದು, ಚಿತ್ರ ಹಿಡಿದರು. ಒಬ್ಬಳು, "ಎಷ್ಟು ಚೆನ್ನಾಗಿ ಕುಣೀತಾರೆ!" ಅಂದಳು. ಮಾವ ಅವಳಿಗೂ "ನನ್ನ ಸೊಸೆ" ಅಂದರು. ಅವರ ಅಂಗೈ ಬೆಚ್ಚಗಾಗುತ್ತಾ ಬಂದದ್ದು ಮಾನ್‌ಯೀಗೆ ಗೊತ್ತಾಯಿತು.

ಕಲ್ಲುಗಳು ಮುಗಿದು ಮಣ್ಣಿನ ದಾರಿ ಬಂದರೂ ಮಾವ ಕೈ ಬಿಡಲಿಲ್ಲ. ಚಿಹೋಂಗ್ ಅಲ್ಲಿ ಎರಡು ಬಟ್ಟಲು ಸಿಹಿ ತೋಫು ಹಿಡಿದುಕೊಂಡು ನಿಂತಿದ್ದ. ಅದು ತಣ್ಣಗಾಗಿ ಎಷ್ಟು ಹೊತ್ತಾಗಿತ್ತೋ. ಅವನ ಮುಖ ಬಿಳಿಚಿಕೊಂಡಿತ್ತು.

"ಏನಿದು?" ಅಂದ. "ಇದು ಓಟಾನಾ?"

ಮಾನ್‌ಯೀ ದಾರಿಯುದ್ದಕ್ಕೂ ಸುಳ್ಳೊಂದನ್ನು ಸಿದ್ಧ ಮಾಡಿಕೊಂಡೇ ಬಂದಿದ್ದಳು. "ಎಲ್ಲ ನನ್ನಿಂದ ಕಣೋ. ನನ್ನ ತೊಡೆ ಕೈಕೊಡ್ತು. ಮಾವ ಪಾಪ ನನಗೋಸ್ಕರ..."

"ಸುಳ್ಳು," ಅಂದರು ಮಾವ. "ಹೋಂಗ್, ನನಗೆ ಇಳಿಯೋಕೆ ಭಯ ಕಣೋ. ಬಿದ್ದಾಗಿನಿಂದ."

ಇಂಥದೊಂದು ಮಾತನ್ನು ಅಪ್ಪನ ಬಾಯಿಂದ ಕೇಳಬೇಕು ಅಂತ ಒಂದು ವರ್ಷ ಕಾದಿದ್ದ ಚಿಹೋಂಗ್, ಈಗ ಅದು ತಾನಾಗಿಯೇ ಬಂದಾಗ ಏನು ಮಾಡಬೇಕು ಅಂತ ತಿಳಿಯದೆ ಬಟ್ಟಲುಗಳನ್ನು ನೋಡಿದ. ಗೆದ್ದವನ ಮುಖವಾಗಿರಲಿಲ್ಲ ಅದು.

"ಹಾಗಾದ್ರೆ ಬಿಡಪ್ಪ," ಅಂದ, ಮೆತ್ತಗೆ. "ಕುಂಟಲಿಲ್ಲ, ಸರಿ, ನಾನು ಒಪ್ಕೋತೀನಿ. ಆದ್ರೆ ಹೀಗೆ ಒಬ್ಬರನ್ನೊಬ್ಬರು ಹಿಡ್ಕೊಂಡು ಇಳಿದ್ರೆ ಗಡುವಿನೊಳಗೆ ಮುಟ್ಟೋಕಾಗುತ್ತಾ? ಅರ್ಧಕ್ಕೆ ಬರೋವಷ್ಟ್ರಲ್ಲಿ ಹೊತ್ತಾಯ್ತು ಅಂತ ನಿಲ್ಲಿಸಿ ಬಸ್ ಹತ್ತಿಸ್ತಾರೆ."

"ಗೊತ್ತು. ಟಾಯ್ ಓ ಹಳ್ಳೀಲಿ ನಿಲ್ಲಿಸ್ತಾರೆ."

"ಮತ್ತೆ?"

"ಟಾಯ್ ಓವರೆಗೆ ಹೋದ್ರೆ ಸಾಕು ನನಗೆ."

"ಅರ್ಧ ಓಡೋಕೆ ಇಷ್ಟೆಲ್ಲಾ ಬೇಕಾ ಅಪ್ಪ?"

ಮಾವ ಆಗ ಮಾನ್‌ಯೀಯ ಕೈ ಬಿಟ್ಟರು. ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಬಹಳ ಹೊತ್ತು.

"ನಿಮ್ಮಮ್ಮ ಅಲ್ಲೇ ಅಲ್ವೇನೋ ನಿಂತಿರ್ತಿದ್ದು," ಅಂದರು.

ಚಿಹೋಂಗ್‌ಗೆ ಅರ್ಥವಾಗಲಿಲ್ಲ. ಮಾನ್‌ಯೀಗೂ ಆಗಲಿಲ್ಲ. ಓಟದ ದಿನ ಅತ್ತೆ ಟಾಯ್ ಓಗೆ ಹೋಗುತ್ತಿದ್ದದ್ದು ಮನೆಗೆಲ್ಲ ಗೊತ್ತಿತ್ತು. ಒಣಮೀನು ತರುವುದಕ್ಕೆ ಅಂತ ಹೇಳಿ ಹೋಗುತ್ತಿದ್ದರು, ಒಣಮೀನು ತಂದೂ ತರುತ್ತಿದ್ದರು. ವರ್ಷವಿಡೀ ಆ ಓಟಕ್ಕೆ ಶಾಪ ಹಾಕುತ್ತಿದ್ದ ಹೆಂಗಸು ಅದನ್ನು ನೋಡಲು ಹೋಗುತ್ತಾರೆ ಅಂತ ಯಾರಾದರೂ ಅಂದುಕೊಳ್ಳುವುದುಂಟೇ?

"ಬಸ್ ನಿಲ್ದಾಣದ ಪಕ್ಕ, ಕಂಬಿ ಹಿಡ್ಕೊಂಡು," ಅಂದರು ಮಾವ. "ಒಂದು ವರ್ಷಾನೂ ತಪ್ಪಿಸ್ಲಿಲ್ಲ. ನನ್ನ ಕಂಡ ತಕ್ಷಣ ಬೈಯೋಳು. 'ಮುದಿ ಹುಚ್ಚ, ಇನ್ನೂ ಸತ್ತಿಲ್ವಾ' ಅನ್ನೋಳು. ತನ್ನ ತೋಳಲ್ಲೇ ನನ್ನ ಮುಖ ಒರೆಸೋಳು. 'ಹೋಗು, ಹಾಳಾಗಿ ಹೋಗು' ಅಂತ ಬೆನ್ನಿಗೊಂದು ಗುದ್ದಿ ಕಳಿಸೋಳು. ಅಲ್ಲಿಂದ ಮುಂದಕ್ಕೆ ಓಡ್ತಿದ್ದಿದ್ದು ಸುಮ್ನೆ ಕಣೋ. ನನ್ನ ಬಟ್ಟೆ ಚೀಲ ಓಟ ಮುಗಿಯೋ ಕಡೆ ಇರ್ತಿತ್ತು, ಅದಕ್ಕೆ." ಕರವಸ್ತ್ರ ಮಡಚಿ ಜೇಬಿಗಿಟ್ಟರು. "ಅವಳಿರಲ್ಲ, ಗೊತ್ತು. ನನಗೇನು ತಲೆ ಕೆಟ್ಟಿಲ್ಲ. ಆದ್ರೂ ಒಂದು ಸಲ ಅಲ್ಲಿಗೆ ಓಡಿ ಹೋಗ್ಬೇಕು. ಬಸ್ಸಲ್ಲಿ ಹೋದ್ರೆ ಅದಾಗಲ್ಲ."

ಚಿಹೋಂಗ್ ಬಟ್ಟಲುಗಳನ್ನು ಕಟ್ಟೆಯ ಮೇಲಿಟ್ಟ. ಒಂದು ದನ ಬಂದು ಅದರಲ್ಲಿ ಒಂದನ್ನು ಮೂಸಿತು, ಯಾರೂ ಓಡಿಸಲಿಲ್ಲ. ಅವನು ಬೆಟ್ಟದ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಮಾನ್‌ಯೀ ಅಳುತ್ತಿದ್ದಳು, ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ.

"ಎಷ್ಟು ಹೊತ್ತಿಗೆ ಬರ್ತೀರಿ ಟಾಯ್ ಓಗೆ?" ಅಂದ.

"ಯಾಕೆ?"

"ನಾನು ನಿಂತಿರ್ತೀನಿ. ಆ ಕಂಬಿ ಹತ್ತಿರ."

ಮಾವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನಗೆ ಬೈಯೋಕೆ ಬರುತ್ತೇನೋ?"

"ಬೈತೀನಿ ಅಪ್ಪ. ಅಮ್ಮನಷ್ಟು ಚೆನ್ನಾಗಿ ಬರಲ್ಲ. ಆದ್ರೂ ಬೈತೀನಿ."

"ಎಲ್ಲಿ, ಬೈ ನೋಡೋಣ."

ಚಿಹೋಂಗ್ ಬಾಯಿ ತೆರೆದ. ಹುಟ್ಟಿದಾಗಿನಿಂದ ಅಪ್ಪನಿಗೆ ಅಂಥ ಮಾತು ಆಡಿದವನಲ್ಲ. ಸುತ್ತ ನೋಡಿದ, ನೆಲ ನೋಡಿದ.

"ಮುದಿ ಹುಚ್ಚ," ಅಂದ, ಕೇಳಿಯೂ ಕೇಳದ ಹಾಗೆ.

"ಇನ್ನೂ ಗಟ್ಟಿಯಾಗಿ," ಅಂದರು ಮಾವ.